ಆಟದೊಳಗೊಂದು ಬಿಳಗಿ

"ಆಟ ಸಾಕು ಮಾಡು, ಓದಲೆ ಕೂರು."

"ಇದು ಆಟ ಅಲ್ಲ ಆಯಿ, ಬಸದಿ ಕಟ್ತಾ ಇದ್ದಿ."

ಸಿದ್ದಾಪುರ, ಶಿರಸಿ, ಯಲ್ಲಾಪುರ ಕಡೆಯ ಮನೆಗಳಲ್ಲಿ ಇಂಥ ಮಾತು ಕೇಳಿಬಂದರೆ ಇಂದು ಆಶ್ಚರ್ಯಪಡಬೇಕಾಗಿಲ್ಲ. ಮಗನ ಗಣಕದ ಪರದೆಯಲ್ಲಿ ಇಣುಕಿದ ತಾಯಿಗೆ ಕಾಣುವುದು ಸಾಲಾಗಿ ಪೇರಿಸಿದ ಚೌಕದ ಇಟ್ಟಿಗೆಗಳು ಮಾತ್ರ. ಪರೀಕ್ಷೆ ಹತ್ತಿರ ಬಂದಿರುವಾಗ ಇದೆಂಥ ಕಟ್ಟುವುದು ಎಂದು ಅವಳಿಗೆ ಅನ್ನಿಸಿದರೆ ತಪ್ಪಲ್ಲ. ಆದರೆ ಮಗನ ಮಾತಿನಲ್ಲೂ ಹುರುಳಿರಬಹುದು. ಅವನು ಆಡುತ್ತಿದ್ದಾನೆಯೇ, ಕಟ್ಟುತ್ತಿದ್ದಾನೆಯೇ ಎಂಬುದನ್ನು ತಿಳಿಯುವ ಬಗೆ ಹೇಗೆ? ಅದಕ್ಕೆ ಈ ವಿದ್ಯೆಯ ಒಳಹೊರಗನ್ನು ಸ್ವಲ್ಪ ಅರಿತಿರಬೇಕು.

ಸಿದ್ದಾಪುರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಬಿಳಗಿ ಇಂದು ಚಿಕ್ಕ ಊರು. ಹಿಂದೆ ಅದು ಬಿಳಗಿ ಅರಸರ ರಾಜಧಾನಿ. ಶ್ವೇತಪುರ ಎಂಬ ಹೆಸರೂ ಅದಕ್ಕಿತ್ತು. 16ನೇ ಶತಮಾನದ ರತ್ನತ್ರಯ ಬಸದಿ, ಕಲ್ಲು ಕಟ್ಟಿದ ದುಂಡನೆಯ ಗೋಲಬಾವಿ ಇಂದಿಗೂ ಅಲ್ಲಿ ಉಳಿದುಕೊಂಡಿವೆ. ಮಲೆನಾಡಿನ ಮಳೆ ಪ್ರತಿ ವರ್ಷ ಕಲ್ಲಿನ ಮೇಲೆ ಪಾಚಿ ಬೆಳೆಸುತ್ತದೆ, ಸಂದಿಗಳಲ್ಲಿ ಬೇರು ಇಳಿಸುತ್ತದೆ. ಇಂಥ ಊರಿನ ಹುಡುಗನೊಬ್ಬ ತನ್ನ ಬಸದಿಯನ್ನು ಗಣಕದೊಳಗೆ ಕಟ್ಟಿ, ಕಣ್ಣಿಗೆ ಯಂತ್ರವೊಂದನ್ನು ಧರಿಸಿ, ಅದರೊಳಗೆ ನಡೆದಾಡಲು ಸಾಧ್ಯವೇ? ಸಾಧ್ಯ. ಅದಕ್ಕೆ ದೊಡ್ಡ ಸಂಸ್ಥೆಯ ಪ್ರಯೋಗಾಲಯವೇ ಬೇಕೆಂದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಆಟವೊಂದನ್ನು ಬದಲಾಯಿಸಿಕೊಂಡರೂ ಸಾಕು.

ಹಳೆಯ ರಂಗಸ್ಥಳ, ಹೊಸ ಪ್ರಸಂಗ

ಹೀಗೆ ಬದಲಾಯಿಸಿಕೊಂಡದ್ದಕ್ಕೆ 'ಮಾಡ್' ಎಂದು ಹೆಸರು. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ರಂಗಸ್ಥಳ ಅದೇ, ಭಾಗವತರು ಅವರೇ, ಚೆಂಡೆ ಮದ್ದಳೆ ಅವೇ; ಆದರೆ ಇವತ್ತಿನ ಪ್ರಸಂಗ ಬೇರೆ. ಗಣಕದ ಆಟದಲ್ಲೂ ಹೀಗೆಯೇ. ಬೆಳಕು ಬೀಳಿಸುವ, ಗೋಡೆಗೆ ತಾಗಿದರೆ ತಡೆಯುವ, ಹೆಜ್ಜೆಯ ಸದ್ದು ಕೇಳಿಸುವ ಮೂಲ ತಂತ್ರಾಂಶವೊಂದು ಇರುತ್ತದೆ. ಅದರ ಮೇಲೆ ಆಡುವ ದೃಶ್ಯ, ಪಾತ್ರ, ನಿಯಮಗಳು ಬೇರೆ ಕಡತಗಳಲ್ಲಿ ಇರುತ್ತವೆ. ಈ ಕಡತಗಳನ್ನು ಬದಲಿಸಿದರೆ ಅದೇ ರಂಗದಲ್ಲಿ ಹೊಸ ಪ್ರಸಂಗ.

1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆ 'ಡೂಮ್' ಆಟವನ್ನು ಹೊರತಂದಾಗ ದೃಶ್ಯಗಳ ಕಡತವನ್ನು ಬೇರೆಯಾಗಿಯೇ ಇಟ್ಟಿತ್ತು. ಆಟಗಾರರು ಅದರ ಗುಟ್ಟು ಹಿಡಿದು ತಮ್ಮದೇ ಕೋಣೆಗಳನ್ನು, ಓಣಿಗಳನ್ನು ಕಟ್ಟಿಕೊಂಡರು. 1999ರಲ್ಲಿ 'ಹಾಫ್ ಲೈಫ್' ಆಟದ ಮೇಲೆ ಇಬ್ಬರು ಯುವಕರು ಕಟ್ಟಿದ ಮಾಡ್ 'ಕೌಂಟರ್ ಸ್ಟ್ರೈಕ್'. ಮರುವರ್ಷವೇ ಮೂಲ ಆಟದ ಒಡೆತನವಿದ್ದ ವಾಲ್ವ್ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡು ಮಾರಾಟಕ್ಕೆ ತಂದಿತು. ಹವ್ಯಾಸವಾಗಿ ಹುಟ್ಟಿದ್ದು ಉದ್ಯೋಗವಾಯಿತು.

ಬಸದಿ ಕಟ್ಟುವ ಕೆಲಸಕ್ಕೆ ಹೆಚ್ಚು ಒಗ್ಗುವುದು 'ಮೈನ್‌ಕ್ರಾಫ್ಟ್'. ಅದರಲ್ಲಿ ಎಲ್ಲವೂ ಘನಾಕಾರದ ಇಟ್ಟಿಗೆಗಳು. ಒಂದೊಂದೂ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. 2023ರ ಹೊತ್ತಿಗೆ ಇದರ 30 ಕೋಟಿಗೂ ಹೆಚ್ಚು ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿದ್ದವು. ಡೆನ್ಮಾರ್ಕ್ ಸರಕಾರದ ಭೂಮಾಪನ ಇಲಾಖೆ 2014ರಲ್ಲಿ ತನ್ನ ಇಡೀ ದೇಶವನ್ನೇ ಮೂಲ ಅಳತೆಯಲ್ಲಿ ಇದರೊಳಗೆ ಕಟ್ಟಿ ಶಾಲೆಗಳ ಬಳಕೆಗೆ ಬಿಟ್ಟಿತ್ತು. ವಿಶ್ವಸಂಸ್ಥೆಯ ವಸತಿ ಕಾರ್ಯಕ್ರಮವು 2012ರಿಂದ ಇದೇ ಆಟವನ್ನು ಬಳಸಿ ಬಡ ಬಡಾವಣೆಗಳ ಜನರಿಂದಲೇ ಅವರ ಉದ್ಯಾನ, ಆಟದ ಬಯಲುಗಳ ನಕ್ಷೆ ಮಾಡಿಸುತ್ತಾ ಬಂದಿದೆ.

ಕಣ್ಣಿಗೆ ಕಟ್ಟುವ ಬಗೆ

ಇನ್ನು ಎರಡನೆಯ ಮಾತು, 'ವರ್ಚುವಲ್ ರಿಯಾಲಿಟಿ' ಅಥವಾ ಮಿಥ್ಯಾ ವಾಸ್ತವ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಲು ಯತ್ನಿಸಿದರೆ ನಮಗೆ ಎರಡು ಕಣ್ಣು ಏಕೆಂಬುದು ಗೊತ್ತಾಗುತ್ತದೆ. ವಯಸ್ಕರ ಎರಡು ಕಣ್ಣುಪಾಪೆಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ. ಹಾಗಾಗಿ ಎರಡೂ ಕಣ್ಣಿಗೆ ಕಾಣುವ ಚಿತ್ರ ಒಂದೇ ಅಲ್ಲ. ಈ ವ್ಯತ್ಯಾಸದಿಂದಲೇ ಮಿದುಳು ದೂರ ಹತ್ತಿರಗಳನ್ನು ಲೆಕ್ಕ ಹಾಕುತ್ತದೆ. ವಿ.ಆರ್. ಕನ್ನಡಕವು ಗಣಕ ಬರೆದ ಎರಡು ಬೇರೆ ಬೇರೆ ಚಿತ್ರಗಳನ್ನು ಎರಡು ಕಣ್ಣಿಗೆ ತೋರಿಸುತ್ತದೆ. ಜೊತೆಗೆ ತಲೆ ಎತ್ತ ತಿರುಗಿತು, ಎಷ್ಟು ಬಾಗಿತು ಎಂಬುದನ್ನು ಅಳೆದು ಆ ಕ್ಷಣವೇ ಚಿತ್ರ ಬದಲಿಸುತ್ತದೆ. ಸೆಕೆಂಡಿಗೆ 90 ಸಲ ಚಿತ್ರ ಬದಲಾಗಬೇಕಾದರೆ ಒಂದು ಚಿತ್ರಕ್ಕೆ ಗಣಕಕ್ಕೆ ಸಿಗುವ ಸಮಯ ಸೆಕೆಂಡಿನ 90ನೇ ಒಂದು ಭಾಗ. ಇದು ತಡವಾದರೆ ನೋಡುವವನಿಗೆ ತಲೆ ಸುತ್ತು.

1968ರಲ್ಲಿ ಐವನ್ ಸದರ್ಲೆಂಡ್ ಇಂಥ ಯಂತ್ರವನ್ನು ಮೊದಲು ಮಾಡಿದಾಗ ಅದು ತಲೆಯ ಮೇಲೆ ಹೊರಲಾರದಷ್ಟು ಭಾರವಿತ್ತು, ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಈಗ ಅದು ಈಜುಗಾರರ ಕನ್ನಡಕವನ್ನು ದೊಡ್ಡದು ಮಾಡಿದಂತೆ ತಲೆಗೆ ಕಟ್ಟಿಕೊಳ್ಳುವ ವಸ್ತು.

ಹಂಪಿಯಿಂದ ಪ್ಯಾರಿಸ್‌ವರೆಗೆ

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸತಲ್ಲ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು ಹಂಪಿಯ ಸುತ್ತುನೋಟದ ಚಿತ್ರಗಳನ್ನು ಸೆರೆಹಿಡಿದು, ನೋಡುಗ ಅದರ ನಡುವೆ ನಿಂತು ಸುತ್ತಲೂ ತಿರುಗಿ ನೋಡುವಂತೆ 2006ರಲ್ಲಿ ಒಂದು ಪ್ರದರ್ಶನ ರೂಪಿಸಿದರು. 2012ರಲ್ಲಿ ಅದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮಕ್ಕೆ ಬಂತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆದ ಡಿಜಿಟಲ್ ಪರಂಪರೆಯ ಯೋಜನೆ ಹಂಪಿಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡಿತ್ತು. ಐ.ಐ.ಟಿ.ಗಳ ಜೊತೆಗೆ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೂ ಅದರಲ್ಲಿ ಕೈಜೋಡಿಸಿತ್ತು. ಹಲವು ಕೋನಗಳಿಂದ ತೆಗೆದ ಸಾಮಾನ್ಯ ಛಾಯಾಚಿತ್ರಗಳನ್ನು ಹೊಂದಿಸಿ ಕಲ್ಲಿನ ಮೂರು ಆಯಾಮದ ರೂಪ ಪಡೆಯುವುದು ಇಂಥ ಕೆಲಸದ ಒಂದು ಮುಖ್ಯ ವಿಧಾನ.

ಹಂಪಿಗೆ ಹೀಗೆ ಸಂಸ್ಥೆಗಳು ಬಂದವು. ಬಿಳಗಿಯಂಥ ನೂರಾರು ಊರುಗಳಿಗೆ ಯಾರು ಬರಬೇಕು? ಊರಿನ ಮಕ್ಕಳೇ ಏಕಾಗಬಾರದು ಎಂಬ ಪ್ರಶ್ನೆ ಸಹಜ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಅದನ್ನು ಕಲಿಸುವುದು ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯ ಕಥೆ.

2019ರ ಏಪ್ರಿಲ್ 15ರಂದು ಆ ಇಗರ್ಜಿಗೆ ಬೆಂಕಿ ಬಿತ್ತು. 2014ರಲ್ಲಿ ಬಂದಿದ್ದ ಒಂದು ಗಣಕದ ಆಟದಲ್ಲಿ ಇದೇ ಇಗರ್ಜಿಯನ್ನು ಬಹಳ ಸೊಗಸಾಗಿ ಕಟ್ಟಲಾಗಿತ್ತು. ಇನ್ನೇನು, ಆಟವನ್ನು ನೋಡಿಕೊಂಡೇ ಇಗರ್ಜಿಯನ್ನು ಮತ್ತೆ ಕಟ್ಟಬಹುದೆಂದು ಸುದ್ದಿ ಹಬ್ಬಿತು. ಆದರೆ ಆ ಆಟ ನಡೆಯುವುದು 1789ರ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಅದರಲ್ಲಿ ಕಾಣುವ ಶಿಖರವಾದರೋ 19ನೇ ಶತಮಾನದಲ್ಲಿ ಏರಿಸಿದ್ದು! ಕಣ್ಣಿಗೆ ಚೆಂದ ಕಾಣಲೆಂದು ಕಲಾವಿದರು ಸ್ವಾತಂತ್ರ್ಯ ತೆಗೆದುಕೊಂಡಿದ್ದರು. ನಿಜವಾಗಿ ನಂಬಬಹುದಾದ ದಾಖಲೆ ಬೇರೆಯೇ ಇತ್ತು. ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸದ ಪ್ರಾಧ್ಯಾಪಕರು ಬೆಂಕಿಗೆ ವರ್ಷಗಳ ಮೊದಲೇ ಲೇಸರ್ ಕಿರಣದಿಂದ ಕಟ್ಟಡದ ನೂರು ಕೋಟಿಗೂ ಹೆಚ್ಚು ಬಿಂದುಗಳನ್ನು ಅಳೆದಿಟ್ಟಿದ್ದರು. ಬೆಂಕಿ ಬೀಳುವ ಕೆಲವೇ ತಿಂಗಳ ಮೊದಲು, 2018ರಲ್ಲಿ, ಅವರು ತೀರಿಕೊಂಡರು. ಅವರ ಅಳತೆ ಉಳಿಯಿತು.

ಚೆಂದದ ದೃಶ್ಯ ಬೇರೆ, ಅಳೆದ ದೃಶ್ಯ ಬೇರೆ. ಮಗ ಆಡುತ್ತಿದ್ದಾನೆಯೇ, ಕಟ್ಟುತ್ತಿದ್ದಾನೆಯೇ ಎಂಬ ತಾಯಿಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ.

ಮೊದಲು ಅಳತೆ, ಆಮೇಲೆ ಇಟ್ಟಿಗೆ

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಗಣಕದ ಮುಂದಲ್ಲ, ಬಸದಿಯ ಅಂಗಳದಲ್ಲಿ. ಬೇಕಾಗುವ ಸಾಮಾನು ಅಳತೆಯ ಟೇಪು, ದಾರ, ಒಂದು ಮೀಟರ್ ಉದ್ದದ ಕೋಲು, ಚೌಕಗೆರೆಯ ಪುಸ್ತಕ. ಸ್ಮಾರಕ ನೋಡಿಕೊಳ್ಳುವವರ ಒಪ್ಪಿಗೆ ಮೊದಲು ಕೇಳಬೇಕು. ಪೂಜೆಯ ಸ್ಥಳದ ನಿಯಮ ಪಾಲಿಸಬೇಕು, ಕಲ್ಲಿನ ಮೇಲೆ ಗುರುತು ಹಾಕಬಾರದು, ಹತ್ತಬಾರದು.

ಉದ್ದ ಅಗಲ ಟೇಪಿಗೆ ಸಿಗುತ್ತವೆ. ಎತ್ತರಕ್ಕೇನು ಮಾಡುವುದು? ಹತ್ತನೆಯ ತರಗತಿಯ ಸಮರೂಪ ತ್ರಿಭುಜ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ನೆರಳು 80 ಸೆಂಟಿಮೀಟರ್ ಇದ್ದು, ಅದೇ ಹೊತ್ತಿನಲ್ಲಿ ಬಯಲಿನ ಕಂಬವೊಂದರ ನೆರಳು 2.4 ಮೀಟರ್ ಇದ್ದರೆ ಕಂಬದ ಎತ್ತರ 3 ಮೀಟರ್. ದುಂಡು ಕಂಬದ ದಪ್ಪ ಬೇಕೆಂದರೆ ದಾರ ಸುತ್ತಿ ಅಳೆದು 3.14ರಿಂದ ಭಾಗಿಸಿದರಾಯಿತು.

ಗೋಲಬಾವಿಯ ವಿಚಾರ ಇನ್ನೂ ಸ್ವಾರಸ್ಯದ್ದು. ಚೌಕದ ಇಟ್ಟಿಗೆಗಳಿಂದ ದುಂಡು ಬಾವಿ ಕಟ್ಟುವುದು ಹೇಗೆ? ಪೈಥಾಗೊರಸ್ ಪ್ರಮೇಯ ದಾರಿ ತೋರಿಸುತ್ತದೆ. ನಡುವಿನಿಂದ ಅಡ್ಡಕ್ಕೆ ಎಷ್ಟು ಇಟ್ಟಿಗೆ, ಉದ್ದಕ್ಕೆ ಎಷ್ಟು ಇಟ್ಟಿಗೆ ಎಂದು ಎಣಿಸಿ, ಎರಡರ ವರ್ಗಗಳನ್ನು ಕೂಡಿಸಬೇಕು. ತ್ರಿಜ್ಯ 5 ಇಟ್ಟಿಗೆ ಎಂದಾದರೆ ಮೊತ್ತ 25 ಬರುವ ಕಡೆ ಬಾವಿಯ ಅಂಚು. ಅಡ್ಡಕ್ಕೆ 3, ಉದ್ದಕ್ಕೆ 4 ಆದಾಗ 9 ಮತ್ತು 16 ಸೇರಿ ಸರಿಯಾಗಿ 25. ಸರಿಯಾಗಿ ಹೊಂದದ ಕಡೆ ಅತಿ ಸಮೀಪದ ಇಟ್ಟಿಗೆ ಆರಿಸಿಕೊಳ್ಳಬೇಕು. ಕರಿಹಲಗೆಯ ಮೇಲೆ ಬೇಸರ ತರಿಸುವ ಲೆಕ್ಕ ಬಾವಿಕಟ್ಟೆಯಲ್ಲಿ ಜೀವ ಪಡೆಯುತ್ತದೆ. ಹಳೆಯ ಬಾವಿಯ ಹತ್ತಿರ ಮಕ್ಕಳು ದೊಡ್ಡವರಿಲ್ಲದೆ ಹೋಗಕೂಡದು ಎಂಬುದನ್ನಂತೂ ಹೇಳಲೇಬೇಕು.

ಒಂದು ಮೀಟರಿನ ಇಟ್ಟಿಗೆ ಕೆತ್ತನೆಯ ಕಟ್ಟಡಕ್ಕೆ ತೀರಾ ಒರಟು. 60 ಸೆಂಟಿಮೀಟರ್ ದಪ್ಪದ ಗೋಡೆಯೂ ಅಲ್ಲಿ ಒಂದು ಮೀಟರ್ ಆಗಿಬಿಡುತ್ತದೆ. ಇದಕ್ಕೆ ಉಪಾಯ, ನಿಜದ ಒಂದು ಮೀಟರಿಗೆ ನಾಲ್ಕು ಇಟ್ಟಿಗೆ ಎಂದು ಲೆಕ್ಕ ಇಟ್ಟು ಕಟ್ಟುವುದು. ಆಗ ಒಂದು ಇಟ್ಟಿಗೆಗೆ 25 ಸೆಂಟಿಮೀಟರ್. ಕಟ್ಟಡ ನಾಲ್ಕು ಪಟ್ಟು ದೊಡ್ಡದಾಯಿತಲ್ಲ ಎಂದರೆ, ನೋಡುವವನನ್ನೂ ನಾಲ್ಕು ಪಟ್ಟು ದೊಡ್ಡವನನ್ನಾಗಿ ಮಾಡಿದರೆ ಲೆಕ್ಕ ಸಮ. ಅದಕ್ಕೆ ಬೇಕಾದ ಅನುಕೂಲ ಮಾಡ್‌ನಲ್ಲೇ ಇದೆ.

ಜೋಡಿಸುವ ಕ್ರಮ

ಮೈನ್‌ಕ್ರಾಫ್ಟ್ ಆಟದಲ್ಲಿ ಜಾವಾ, ಬೆಡ್‌ರಾಕ್ ಎಂದು ಎರಡು ಬಗೆ. ಬೆಡ್‌ರಾಕ್‌ನಲ್ಲಿದ್ದ ವಿ.ಆರ್. ಸೌಲಭ್ಯವನ್ನು ತಯಾರಕರು 2025ರಲ್ಲಿ ನಿಲ್ಲಿಸಿಬಿಟ್ಟರು. ಉಳಿದಿರುವುದು ಹವ್ಯಾಸಿಗಳ ದಾರಿ. ಜಾವಾ ಆವೃತ್ತಿಗೆ 'ವೈವ್‌ಕ್ರಾಫ್ಟ್' ಎಂಬ ಉಚಿತ ಮಾಡ್ ಇದೆ. ಅದನ್ನು ಅಳವಡಿಸುವ ಕ್ರಮ ಹೀಗೆ:

1. ಜಾವಾ ಆವೃತ್ತಿಯನ್ನು ಹಣ ಕೊಟ್ಟೇ ಪಡೆದು, ಯಾವ ಮಾಡ್ ಇಲ್ಲದೆ ಒಮ್ಮೆ ತೆರೆದು ನೋಡಬೇಕು. ಮೂಲವೇ ಓಡದಿದ್ದರೆ ಮಾಡ್ ಓಡುವ ಮಾತಿಲ್ಲ.

2. 'ಫ್ಯಾಬ್ರಿಕ್' ಎಂಬ ತಂತ್ರಾಂಶ ಹಾಕಿಕೊಳ್ಳಬೇಕು. ಮಾಡ್‌ಗಳನ್ನು ಆಟದೊಳಗೆ ಸೇರಿಸುವ ಬಾಗಿಲು ಇದು. ಆಟ, ಫ್ಯಾಬ್ರಿಕ್, ವೈವ್‌ಕ್ರಾಫ್ಟ್ ಮೂರರ ಆವೃತ್ತಿ ಸಂಖ್ಯೆಗಳೂ ಒಂದಕ್ಕೊಂದು ಹೊಂದಬೇಕು. ಹತ್ತರಲ್ಲಿ ಎಂಟು ಮಂದಿ ಎಡವುವುದು ಇಲ್ಲಿಯೇ ಎಂದರೂ ತಪ್ಪಾಗದು.

3. ವೈವ್‌ಕ್ರಾಫ್ಟ್ ಕಡತವನ್ನೂ ಅದು ಕೇಳುವ ಪೂರಕ ಕಡತಗಳಿದ್ದರೆ ಅವನ್ನೂ ಆಟದ 'ಮಾಡ್ಸ್' ಕಪಾಟಿನಲ್ಲಿ ಇಡಬೇಕು. ಕಟ್ಟಿದ ಬಸದಿಯ ಜಗತ್ತು 'ಸೇವ್ಸ್' ಎಂಬ ಕಪಾಟಿನಲ್ಲಿರುತ್ತದೆ. ಮಾಡ್ ಹಾಕುವ ಮೊದಲು ಅದರ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿಡುವುದು ಕಡ್ಡಾಯ. ಡೆನ್ಮಾರ್ಕಿನವರು ಕಟ್ಟಿದ ದೇಶಕ್ಕೂ ಕಿಡಿಗೇಡಿಗಳು ಸಿಡಿಮದ್ದು ಇಟ್ಟಿದ್ದರು!

4. ಗಣಕದಲ್ಲಿ 'ಸ್ಟೀಮ್ ವಿ.ಆರ್.' ಎಂಬ ಉಚಿತ ತಂತ್ರಾಂಶ ತೆರೆದು, ಕನ್ನಡಕವನ್ನು ಕೇಬಲ್ ಮೂಲಕವೋ ಮನೆಯ ವೈಫೈ ಮೂಲಕವೋ ಜೋಡಿಸಬೇಕು. ಎರಡು ಮೀಟರ್ ಚೌಕದಷ್ಟಾದರೂ ಖಾಲಿ ಜಾಗ ಬಿಡಿಸಿಕೊಂಡು ಅದರ ಗಡಿಯನ್ನು ಕನ್ನಡಕಕ್ಕೆ ತೋರಿಸಿಕೊಡಬೇಕು.

5. ಆಟ ತೆರೆದ ಮೇಲೆ ವೈವ್‌ಕ್ರಾಫ್ಟ್‌ನ ಆಯ್ಕೆಗಳಲ್ಲಿ ನೋಡುಗನ ಪ್ರಮಾಣವನ್ನು ನಾಲ್ಕು ಪಟ್ಟಿಗೆ ಏರಿಸಬೇಕು. ಎಷ್ಟು ದೂರದವರೆಗೆ ದೃಶ್ಯ ಕಾಣಬೇಕೆಂಬುದನ್ನು ಕಡಿಮೆ ಇಟ್ಟರೆ ಗಣಕದ ಹೊರೆ ಇಳಿಯುತ್ತದೆ. ಜಾರಿಕೊಂಡು ನಡೆಯುವುದಕ್ಕಿಂತ ಬೇಕಾದಲ್ಲಿಗೆ ನೆಗೆಯುವ ಆಯ್ಕೆ ಹೊಸಬರಿಗೆ ಒಳ್ಳೆಯದು. ತಲೆ ಸುತ್ತು ಕಡಿಮೆ.

ಈಗ ಕನ್ನಡಕ ಧರಿಸಿ ಬಸದಿಯ ಬಾಗಿಲಿಗೆ ಬಂದರೆ ಪರದೆಯಲ್ಲಿ ಕಾಣದ ತಪ್ಪುಗಳೆಲ್ಲ ಮೈಗೆ ತಾಗುತ್ತವೆ. ಅಂದಾಜಿನಲ್ಲಿ ಕಟ್ಟಿದ ಬಾಗಿಲು ಆನೆ ಹೋಗುವಷ್ಟು ಎತ್ತರವಿರುತ್ತದೆ. ತಲೆಬಾಗಿ ದಾಟಿದ ಹಳೆಯ ಬಾಗಿಲಿನ ನೆನಪು 'ಇದಲ್ಲ' ಎನ್ನುತ್ತದೆ. ಕಂಬಗಳ ನಡುವೆ ಲಾರಿ ಹಾಯಿಸಬಹುದು ಎನ್ನಿಸುತ್ತದೆ. ಪರದೆಯಲ್ಲಿ ಕಣ್ಣು ಕ್ಷಮಿಸಿದ್ದನ್ನು ದೇಹ ಕ್ಷಮಿಸುವುದಿಲ್ಲ. ಆಗ ಹುಡುಗ ಮಾಡಬೇಕಾದದ್ದು ಒಂದೇ, ಟೇಪು ಹಿಡಿದು ಮತ್ತೆ ಬಿಳಗಿಗೆ ಹೋಗುವುದು.

ದುಬಾರಿ ಕನ್ನಡಕ ಇಲ್ಲದಿದ್ದರೆ?

ಈ ಮಾಡ್ ಓಡಿಸಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಗಣಕ ಬೇಕು. ಕಚೇರಿ ಕೆಲಸದ ಲ್ಯಾಪ್‌ಟಾಪ್ ಸಾಲದು. ಗಣಕ, ಕನ್ನಡಕ ಎರಡೂ ಸೇರಿದರೆ ಅಡಿಕೆ ದರ ಏರಿದ ವರ್ಷದಲ್ಲೂ ಯೋಚಿಸಬೇಕಾದ ಖರ್ಚು. ಒಂದು ಮನೆಗೆ ಒಂದರಂತೆ ಕೊಳ್ಳುವುದಕ್ಕಿಂತ ಶಾಲೆಗೊಂದು ಇರುವುದು ಜಾಣತನ.

ಅದೂ ಇಲ್ಲವೆಂದರೆ ಕೈಚೆಲ್ಲಬೇಕಾಗಿಲ್ಲ. 'ಲುವಾಂಟಿ' ಎಂಬ ಮುಕ್ತ ತಂತ್ರಾಂಶವಿದೆ. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್. ಇದು ಪೂರ್ತಿ ಉಚಿತ, ಹಳೆಯ ಗಣಕದಲ್ಲೂ ಓಡುತ್ತದೆ, ಇಟ್ಟಿಗೆ ಪೇರಿಸುವ ಕ್ರಮವೂ ಅದೇ. ಎರಡು ಕಣ್ಣಿಗೆ ಎರಡು ಬಣ್ಣದಲ್ಲಿ ಚಿತ್ರ ತೋರಿಸುವ ಆಯ್ಕೆ ಅದರಲ್ಲಿದೆ. ಅದಕ್ಕೆ ಹೊಂದುವ ಬಣ್ಣದ ಹಾಳೆಯ ಕನ್ನಡಕವನ್ನು ಮಕ್ಕಳೇ ರಟ್ಟಿನಿಂದ ಮಾಡಿಕೊಳ್ಳಬಹುದು. ತಲೆ ತಿರುಗಿಸಿದಂತೆ ದೃಶ್ಯ ತಿರುಗದು ಎಂಬುದೊಂದೇ ಕೊರತೆ. ಅಳತೆಯ ಪಾಠಕ್ಕೆ ಇಷ್ಟು ಸಾಕು. ಇಂದು ಲುವಾಂಟಿಯಲ್ಲಿ ಕಲಿತ ಕೈಗೆ ನಾಳೆ ದೊಡ್ಡ ಯಂತ್ರ ಸಿಕ್ಕರೆ ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪವೇ.

ಹೆತ್ತವರ ಗಮನಕ್ಕೆ

ಮೊದಲನೆಯದು ವಯಸ್ಸು. ಹೆಚ್ಚು ಬಳಕೆಯಲ್ಲಿರುವ ಮೆಟಾ ಸಂಸ್ಥೆಯ ಕನ್ನಡಕಕ್ಕೆ ಮೊದಲು 13 ವರ್ಷದ ಮಿತಿ ಇತ್ತು. 2023ರಲ್ಲಿ ಹೆತ್ತವರ ಹಿಡಿತದಲ್ಲಿರುವ ಖಾತೆಯ ಮೂಲಕ 10 ವರ್ಷದಿಂದ ಬಳಸಬಹುದೆಂದು ಸಡಿಲಿಸಿದರು. ಅದಕ್ಕಿಂತ ಚಿಕ್ಕವರಿಗೆ ಬೇಡ. ದೊಡ್ಡ ಮಕ್ಕಳಿಗೂ ಮೊದಮೊದಲು ಹತ್ತು ಹದಿನೈದು ನಿಮಿಷ ಸಾಕು. ಕಣ್ಣು 'ನಡೆಯುತ್ತಿದ್ದೇನೆ' ಎಂದು ಹೇಳುವಾಗ ಒಳಕಿವಿ 'ನಿಂತಿದ್ದೇನೆ' ಎಂದರೆ ಹೊಟ್ಟೆ ತೊಳಸುತ್ತದೆ. ದೇವಿಮನೆ ಘಟ್ಟದಲ್ಲಿ ಬಸ್ಸು ತಿರುಗುವಾಗ ಆಗುವುದು ಇದರ ತದ್ವಿರುದ್ಧ, ಕಾರಣ ಮಾತ್ರ ಅದೇ ಜಗಳ. ಹಾಗೆನಿಸಿದ ಕೂಡಲೇ ಕನ್ನಡಕ ತೆಗೆದಿಡಬೇಕು. ಸಹಿಸಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತೇನೆ ಎನ್ನುವುದು ಸಲ್ಲ.

ಎರಡನೆಯದು ಕಡತಗಳ ಶುಚಿತ್ವ. ಮಾಡ್ ಎಂದರೆ ಯಾರೋ ಬರೆದ ತಂತ್ರಾಂಶವನ್ನು ನಮ್ಮ ಗಣಕದೊಳಗೆ ಬಿಟ್ಟುಕೊಂಡಂತೆ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್‌ನ ಕೆಲವು ಹೆಸರುವಾಸಿ ಮಾಡ್‌ಗಳಲ್ಲೇ ಗುಪ್ತಪದ ಕದಿಯುವ ದುಷ್ಟ ತಂತ್ರಾಂಶ ಸೇರಿಕೊಂಡಿತ್ತು. ಆದ್ದರಿಂದ ಮನೆಯ ಬ್ಯಾಂಕ್ ವ್ಯವಹಾರ ಮಾಡುವ ಗಣಕದಲ್ಲಿ ಇಂಥ ಪ್ರಯೋಗ ಬೇಡ. ಬೇಕಾದ ಒಂದೆರಡು ಮಾಡ್ ಬಿಟ್ಟು ಕಂಡಕಂಡದ್ದನ್ನು ತುಂಬಿಕೊಳ್ಳಬಾರದು. ಮೂಲ ಆಟವನ್ನು ಕದ್ದ ಪ್ರತಿಯಲ್ಲಿ ಆಡುವುದು ಕಾನೂನಿಗೂ ವಿರುದ್ಧ, ಇಂಥ ಕಳ್ಳ ತಂತ್ರಾಂಶಗಳಿಗೆ ಬಾಗಿಲು ತೆರೆದಿಟ್ಟಂತೆಯೂ ಹೌದು.

ಮೂರನೆಯದು, ಎಲ್ಲ ಆಟಗಳೂ ಒಂದೇ ಎಂಬ ಭಾವನೆ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆ ಜೂಜೇ ಬೇರೆ, ಈ ಕಟ್ಟುವಿಕೆಯೇ ಬೇರೆ. ಅನಿಮೇಷನ್, ಆಟಗಳ ನಿರ್ಮಾಣ ಮುಂತಾದವುಗಳಿಗೆ ಕರ್ನಾಟಕ 2012ರಲ್ಲೇ ಒಂದು ನೀತಿ ರೂಪಿಸಿತ್ತು. 2024ರಲ್ಲಿ ಬಂದ ಹೊಸ ನೀತಿಯಲ್ಲಿ ಮಿಥ್ಯಾ ವಾಸ್ತವಕ್ಕೂ ಜಾಗ ಸಿಕ್ಕಿದೆ. ಆದರೆ ಮಗ ನಾಳೆಯೇ ಇದರಿಂದ ನೌಕರಿ ಹಿಡಿಯುತ್ತಾನೆಂದು ಆಸೆಪಡುವುದೂ ಸರಿಯಲ್ಲ. ಸದ್ಯಕ್ಕೆ ಸಿಗುವ ಲಾಭ ರೇಖಾಗಣಿತ, ಇತಿಹಾಸ, ತಾಳ್ಮೆ. ಅದೇನು ಕಡಿಮೆಯೇ?

ಹಾಗಾದರೆ ಆಡುವುದನ್ನೂ ಕಟ್ಟುವುದನ್ನೂ ಬೇರೆ ಮಾಡಿ ತಿಳಿಯಲು ಹೆತ್ತವರಿಗೆ ಗಣಕದ ಜ್ಞಾನವೇ ಬೇಕೆಂದಿಲ್ಲ. ಮಗನ ಚೌಕಗೆರೆಯ ಪುಸ್ತಕ ಕೇಳಿ ನೋಡಿದರಾಯಿತು. ಅದರಲ್ಲಿ ಅಳತೆಗಳಿದ್ದು, ಹೊಡೆದುಹಾಕಿ ತಿದ್ದಿದ ಸಂಖ್ಯೆಗಳೂ ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಪುಟ ಖಾಲಿ ಇದ್ದರೆ 'ಓದಲೆ ಕೂರು' ಎಂದರೆ ತಪ್ಪಿಲ್ಲ.

ಒಂದು ಮಾತು ಮಾತ್ರ ನೆನಪಿಡಬೇಕು. ಆಟದೊಳಗಿನ ಬಸದಿ ನಿಜವಾದ ಬಸದಿಗೆ ಬದಲಿಯಲ್ಲ. ಅದರ ಮೇಲಿನ ಪಾಚಿ ಇದಕ್ಕೆ ಹಿಡಿಯದು, ಇದು ಇದೆಯೆಂದು ಅದನ್ನು ಮರೆಯುವಂತಿಲ್ಲ. ಆದರೆ ಅಂಗೈಯಗಲದ ಕಲ್ಲನ್ನೂ ಬಿಡದೆ ಅಳೆದ ಹುಡುಗ ಮುಂದೆ ಆ ಕಲ್ಲು ಅಲುಗಿದರೆ ಮೊದಲು ಗಮನಿಸುವವನಾಗುತ್ತಾನೆ. ಬೇಸಿಗೆ ರಜೆಯಲ್ಲಿ ಮಗನೋ ಮಗಳೋ ಟೇಪು ಹಿಡಿದು ಬಿಳಗಿಯ ದಾರಿ ಹಿಡಿದರೆ ತಡೆಯಬೇಡಿ. ಐದು ಮೀಟರ್ ಉದ್ದದ ಗೋಡೆಯನ್ನು ಒಬ್ಬರೇ ಅಳೆಯುವುದು ಕಷ್ಟ. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ಯಾರಾದರೂ ಜೊತೆಗೆ ಹೋಗಬೇಕು.